ಹತ್ತೊಂಬತ್ತು ತಾಸಿನಲ್ಲಿ ಒಂದು ವರ್ಷದ ಆಕಾಶ

ಒಂದು ವರ್ಷವೆಂದರೆ ಎಷ್ಟೊಂದು ಹವೆ! ಅರಬ್ಬಿ ಸಮುದ್ರದಿಂದ ಎದ್ದು ಬರುವ ಮುಂಗಾರು, ಅದು ಮರಳಿದ ಮೇಲಿನ ಹಿಂಗಾರು, ಬಂಗಾಳ ಕೊಲ್ಲಿಯಲ್ಲಿ ಸುರುಳಿ ಸುತ್ತುವ ಚಂಡಮಾರುತ, ಸೈಬೀರಿಯದ ಹಿಮಗಾಳಿ, ಅಮೆಜಾನ್ ಕಾಡಿನ ಮೇಲೆ ಮಧ್ಯಾಹ್ನಕ್ಕೆ ಗೋಪುರದಂತೆ ಏಳುವ ಗುಡುಗುಮೋಡ. ಇಡೀ ಭೂಗೋಳದ ಮೇಲೆ ಸುಮಾರು ಮೂರೂಕಾಲು ಕಿಲೋಮೀಟರಿಗೊಂದು ಚೌಕ ಹಾಕಿ, ಪ್ರತಿ ಚೌಕದ ಮೇಲೂ ಗಾಳಿ, ತೇವ, ಬಿಸಿ, ಒತ್ತಡಗಳ ಸಮೀಕರಣ ಬಿಡಿಸುತ್ತ, ಜನವರಿಯಿಂದ ಡಿಸೆಂಬರ್‌ವರೆಗೆ ಕ್ಷಣಕ್ಷಣವನ್ನೂ ಲೆಕ್ಕ ಹಾಕುತ್ತ ಹೋದರೆ ಎಷ್ಟು ಹೊತ್ತು ಬೇಕಾದೀತು? ಉತ್ತರ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಸುಮಾರು ಹತ್ತೊಂಬತ್ತು ತಾಸು!

ಇದು ಆಗಿಹೋಗಿರುವ ಸಾಧನೆ. ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ‘ಫ್ರಾಂಟಿಯರ್’ ಎಂಬ ಸೂಪರ್‌ಕಂಪ್ಯೂಟರ್ ಇದೆ. ಅದರ ಮೇಲೆ ‘ಸ್ಕ್ರೀಮ್’ ಎಂಬ ವಾಯುಮಂಡಲದ ಮಾದರಿಯನ್ನು ಓಡಿಸಿದ ವಿಜ್ಞಾನಿಗಳಿಗೆ ದಿನಕ್ಕೆ 1.26 ವರ್ಷದ ವೇಗ ಸಿಕ್ಕಿತು. ಹವಾಮಾನ ಮಾದರಿಗಳಿಗೆಂದೇ ಸ್ಥಾಪಿಸಿದ ಗಾರ್ಡನ್ ಬೆಲ್ ಪ್ರಶಸ್ತಿ 2023ರಲ್ಲಿ ಮೊಟ್ಟಮೊದಲು ಸಂದದ್ದು ಈ ತಂಡಕ್ಕೆ.

ದೊಡ್ಡ ಯಂತ್ರವಿದೆ, ಹಾಗಾಗಿ ವೇಗವಿದೆ ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾದ ಹಾಗೆ. ಯಂತ್ರ ದೊಡ್ಡದೇ, ಅನುಮಾನವಿಲ್ಲ. 2022ರ ಮೇ ತಿಂಗಳಲ್ಲಿ ಜಗತ್ತಿನ ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಒಂದು ಎಕ್ಸಾಫ್ಲಾಪ್‌ನ ಗಡಿ ದಾಟಿದ ಮೊದಲ ಯಂತ್ರವೆಂದು ದಾಖಲಾದದ್ದು ಫ್ರಾಂಟಿಯರೇ. ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಯಷ್ಟು ಲೆಕ್ಕ! ಒಳಗೆ 9,400ಕ್ಕೂ ಹೆಚ್ಚು ನೋಡ್‌ಗಳು, ಒಂದೊಂದೂ ಒಂದು ಪೂರ್ಣ ಕಂಪ್ಯೂಟರಿನಂತೆ. ಒಂದೊಂದು ನೋಡ್‌ನಲ್ಲೂ 64 ಕೋರ್‌ಗಳ ಒಂದು ಸಿಪಿಯು, ನಾಲ್ಕು ಜಿಪಿಯು. ಪ್ರತಿ ಜಿಪಿಯು ಒಳಗೂ ಎರಡೆರಡು ಚಿಪ್. ಒಟ್ಟು 75 ಸಾವಿರಕ್ಕೂ ಹೆಚ್ಚು ಜಿಪಿಯು ಚಿಪ್‌ಗಳು. ಇಷ್ಟನ್ನೂ ಒಂದೇ ಪ್ರಶ್ನೆಯ ಹಿಂದೆ ಓಡಿಸುವುದು ಹೇಗೆ? ಯಾರಿಗೆ ಯಾವ ಪಾಲು? ಯಾರು ಯಾರೊಡನೆ ಮಾತಾಡಬೇಕು, ಯಾವಾಗ, ಎಷ್ಟು? ಆ ಏರ್ಪಾಡನ್ನು ಒಬ್ಬರು ಕೂತು ಯೋಚಿಸಿ ಬರೆಯಬೇಕು. ಅದೇ ಹೈಬ್ರಿಡ್ ಪ್ಯಾರಲಲಿಸಂ, ಹಲವು ಬಗೆಯ ಸಮಾನಾಂತರ ಗಣನೆಗಳನ್ನು ಒಂದರೊಳಗೊಂದು ಹೆಣೆಯುವ ಕಲೆ. ಒಳಹೊಕ್ಕು ನೋಡಿದಷ್ಟೂ ಬೆರಗು ಹೆಚ್ಚುತ್ತದೆ.

ಲೆಕ್ಕ ಅಗ್ಗ, ಸಾಗಣೆ ದುಬಾರಿ

ಮೊದಲ ಬೆರಗು ದೂರದ್ದು. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸಾಗುವುದು ಸುಮಾರು ಮೂವತ್ತು ಸೆಂಟಿಮೀಟರ್, ಶಾಲೆಯ ಮಕ್ಕಳ ಸ್ಕೇಲಿನಷ್ಟು. ಎರಡು ಗಿಗಾಹರ್ಟ್ಸ್‌ನ ಪ್ರೊಸೆಸರ್ ಅಷ್ಟರಲ್ಲಿ ಎರಡು ಹೆಜ್ಜೆ ಮುಗಿಸಿರುತ್ತದೆ. ಒಂದು ನೋಡ್‌ನಿಂದ ಇನ್ನೊಂದಕ್ಕೆ ನೆಟ್‌ವರ್ಕ್ ಮೂಲಕ ಪುಟ್ಟ ಸಂದೇಶ ಮುಟ್ಟಲು ಎರಡು ಮೈಕ್ರೋಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನಮಗೆ ಅದು ಏನೇನೂ ಅಲ್ಲ. ಆದರೆ ಫ್ರಾಂಟಿಯರ್‌ನ ಒಂದು ಜಿಪಿಯು ತನ್ನ ಗರಿಷ್ಠ ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಸುಮಾರು ಒಂಬತ್ತೂವರೆ ಕೋಟಿ ಲೆಕ್ಕ ಮಾಡಬಲ್ಲದು! ಒಂದು ಸಂಖ್ಯೆಗಾಗಿ ಪಕ್ಕದ ಕಪಾಟಿನತ್ತ ನೋಡುತ್ತ ಕೂತರೆ ಕೋಟಿಗಟ್ಟಲೆ ಲೆಕ್ಕ ಮಣ್ಣುಪಾಲು.

ಹಾಗಾಗಿ ಇಲ್ಲಿ ಅಲ್ಗಾರಿದಮ್ ರಚಿಸುವವರು ಗುಣಾಕಾರ ಎಷ್ಟು, ಸಂಕಲನ ಎಷ್ಟು ಎಂದು ತಲೆ ಕೆಡಿಸಿಕೊಳ್ಳುವುದು ಕಡಿಮೆ. ಯಾವ ಸಂಖ್ಯೆ ಎಲ್ಲಿ ಕೂತಿದೆ, ಅದು ಬೇಕಾದವರಿಗೆ ಎಷ್ಟು ದೂರ ಎಂಬುದೇ ಅವರ ಹಗಲಿರುಳಿನ ಚಿಂತೆ. ಕೆಲವೊಮ್ಮೆ ನೆರೆಯವರಿಂದ ತರಿಸುವ ಬದಲು ಅದೇ ಲೆಕ್ಕವನ್ನು ಇನ್ನೊಮ್ಮೆ ತಾವೇ ಮಾಡಿಕೊಳ್ಳುವುದು ಲಾಭ. ಮಾಡಿದ್ದನ್ನೇ ಮತ್ತೆ ಮಾಡಿ ಹೊತ್ತು ಉಳಿಸುವುದು! ಶಾಲೆಯಲ್ಲಿ ಕಲಿತ ಗಣಿತದ ಮಿತವ್ಯಯವೆಲ್ಲ ಇಲ್ಲಿ ತಲೆಕೆಳಗು.

ಸಾಗಣೆಯ ಮಿತವ್ಯಯಕ್ಕೊಂದು ಪ್ರಮೇಯವೂ ಇದೆ. ಕಂಪ್ಯೂಟರ್ ವಿಜ್ಞಾನಿಗಳಾದ ಹಾಂಗ್ ಜಿಯಾವೇ ಮತ್ತು ಎಚ್. ಟಿ. ಕುಂಗ್ 1981ರಲ್ಲಿ ಸಾಬೀತುಪಡಿಸಿದಂತೆ, ಮ್ಯಾಟ್ರಿಕ್ಸ್ ಗುಣಾಕಾರವನ್ನು ಸಾಮಾನ್ಯ ವಿಧಾನದಲ್ಲಿ ಮಾಡುವಾಗ ಎಷ್ಟೇ ಜಾಣತನ ತೋರಿದರೂ ದತ್ತಾಂಶದ ಸಾಗಣೆ ಒಂದು ಮಿತಿಗಿಂತ ಕೆಳಗೆ ಇಳಿಯಲಾರದು. ಹತ್ತಿರದ ಮೆಮೊರಿಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಆ ಮಿತಿ ಅರ್ಧಕ್ಕಿಳಿಯುತ್ತದೆ, ಅಷ್ಟೆ. 2011ರಲ್ಲಿ ಬರ್ಕ್‌ಲಿಯ ಎಡ್ಗರ್ ಸೊಲೊಮೊನಿಕ್ ಮತ್ತು ಜೇಮ್ಸ್ ಡೆಮೆಲ್ ಇದೇ ಎಳೆ ಹಿಡಿದು, ಖಾಲಿ ಇರುವ ಮೆಮೊರಿಯಲ್ಲಿ ಮ್ಯಾಟ್ರಿಕ್ಸ್‌ನ ಹೆಚ್ಚುವರಿ ನಕಲುಗಳನ್ನಿಟ್ಟು ಪ್ರೊಸೆಸರ್‌ಗಳ ನಡುವಿನ ಮಾತುಕತೆಯನ್ನು ತಗ್ಗಿಸುವ ವಿಧಾನ ಕೊಟ್ಟರು. ಜಾಗ ಕೊಟ್ಟು ಮೌನ ಕೊಂಡುಕೊಳ್ಳುವ ವ್ಯಾಪಾರ!

ಮೂರು ಮಜಲು

ಒಂದೇ ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ಉಪ್ಪು ಬೇಕಾದರೆ ಡಬ್ಬಿಗೆ ಕೈ ಚಾಚಿದರಾಯಿತು. ಉಪ್ಪು ಪಕ್ಕದ ಊರಿನಲ್ಲಿದ್ದರೆ ಆಳು ಕಳಿಸಬೇಕು, ಅವನು ಬರುವ ತನಕ ಕಾಯಬೇಕು. ನೋಡ್ ಒಳಗಿನ ಕೋರ್‌ಗಳದು ಮೊದಲ ಬಗೆ. ಒಂದೇ ಮೆಮೊರಿ, ಒಟ್ಟೊಟ್ಟಿಗೆ ಲೆಕ್ಕ ಮಾಡುವ ಹಲವು ಎಳೆಗಳು, ಅಂದರೆ ಥ್ರೆಡ್‌ಗಳು. ಅದಕ್ಕಾಗಿ 1997ರಲ್ಲಿ ‘ಓಪನ್‌ಎಂಪಿ’ ಎಂಬ ನಿಯಮಾವಳಿ ಬಂತು. ನೋಡ್‌ಗಳ ನಡುವಿನದು ಎರಡನೆಯ ಬಗೆ. ಒಬ್ಬರ ಮೆಮೊರಿ ಇನ್ನೊಬ್ಬರಿಗೆ ಕಾಣದು, ಬೇಕಾದ್ದನ್ನು ಸಂದೇಶ ಕಳಿಸಿಯೇ ತರಿಸಬೇಕು. ಅದಕ್ಕಾಗಿ 1994ರಲ್ಲಿ ‘ಎಂಪಿಐ’ ಎಂಬ ಸರ್ವಸಮ್ಮತ ನಿಯಮಾವಳಿ ಸಿದ್ಧವಾಗಿತ್ತು. ಮೂರನೆಯದು ಜಿಪಿಯು. 2007ರಲ್ಲಿ ‘ಕುಡಾ’ ಎಂಬ ಪ್ರೋಗ್ರಾಮಿಂಗ್ ಸಲಕರಣೆ ಬಂದ ಮೇಲೆ, ವಿಡಿಯೋ ಗೇಮಿಗಾಗಿ ಬೆಳೆದ ಚಿಪ್‌ಗಳು ವಿಜ್ಞಾನದ ಲೆಕ್ಕಕ್ಕೂ ಧಾರಾಳವಾಗಿ ಒದಗತೊಡಗಿದವು.

ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದಂಥವು. ಇಂದು ಒಂದೇ ಪ್ರೋಗ್ರಾಮಿನ ಒಳಗೆ, ಒಂದರ ಹೊಟ್ಟೆಯಲ್ಲಿ ಇನ್ನೊಂದರಂತೆ ಕೂಡಿ ಬಾಳುತ್ತಿವೆ!

ಇದು ಏಕೆ ಲಾಭ ಎಂಬುದನ್ನು ಕಾಗದದ ಮೇಲೇ ಕಾಣಬಹುದು. ಗಾಳಿಯ ಒಂದು ಘನವನ್ನು ತೆಗೆದುಕೊಳ್ಳಿ. ಪ್ರತಿ ಬದಿಗೂ 256 ಕೋಶಗಳು. ಒಟ್ಟು 1,67,77,216. ಇದು ಒಂದು ನೋಡ್‌ನ ಪಾಲು. ಪ್ರತಿ ಕೋಶದ ಮುಂದಿನ ಕ್ಷಣದ ಸ್ಥಿತಿ ತಿಳಿಯಲು ಅದರ ಸುತ್ತಲಿನ ಕೋಶಗಳ ಸ್ಥಿತಿ ಬೇಕು. ಅಂಚಿನ ಕೋಶಗಳ ನೆರೆಯವರು ಬೇರೆ ನೋಡ್‌ಗಳಲ್ಲಿ ಕೂತಿದ್ದಾರೆ. ಅದಕ್ಕಾಗಿ ಘನದ ಸುತ್ತ ಒಂದು ಪದರ ಎರವಲು ಕೋಶಗಳನ್ನು ಇಟ್ಟುಕೊಳ್ಳಬೇಕು. ಈ ಕ್ಷೇತ್ರದವರು ಅದನ್ನು ‘ಹ್ಯಾಲೋ’ ಎನ್ನುತ್ತಾರೆ. ಈಗ ಘನದ ಬದಿ 258 ಆಯಿತು. ಹ್ಯಾಲೋದ ಕೋಶಗಳು 3,96,296. ಮೂಲದ ಶೇಕಡ ಎರಡೂವರೆಗಿಂತ ಕಡಿಮೆ.

ಇದೇ ಘನವನ್ನು 64 ಕೋರ್‌ಗಳಿಗೆ, ತಮ್ಮ ತಮ್ಮದೇ ಮೆಮೊರಿಯ 64 ಪ್ರತ್ಯೇಕ ಪ್ರಾಸೆಸ್‌ಗಳಾಗಿ ಒಡೆದರೆ? ಒಂದೊಂದರ ಬದಿ 64, ಒಂದೊಂದಕ್ಕೂ ತನ್ನದೇ ಹ್ಯಾಲೋ 25,352. ಎಲ್ಲ ಸೇರಿ 16,22,528. ಎರವಲಿನ ಹೊರೆ ಒಮ್ಮೆಗೇ ನಾಲ್ಕು ಪಟ್ಟು! ಮುಖ, ಅಂಚು, ಮೂಲೆ ಎಲ್ಲ ಲೆಕ್ಕಕ್ಕೆ ಹಿಡಿದರೆ ಒಂದು ಘನಕ್ಕೆ 26 ನೆರೆಯವರು. ಒಂದೇ ಪ್ರಾಸೆಸ್ ಇದ್ದಾಗ ಸುತ್ತೊಂದಕ್ಕೆ 26 ಸಂದೇಶ. ಅರವತ್ನಾಲ್ಕಾದಾಗ 1,664. ಅವುಗಳಲ್ಲಿ ಬಹುಪಾಲು ನೋಡ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಒಂದೇ ಮೆಮೊರಿಯೊಳಗೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಸುಮ್ಮನೆ ನಕಲಾಗುತ್ತವೆ. ಒಳಗೆ ಥ್ರೆಡ್, ಹೊರಗೆ ಸಂದೇಶ ಎಂಬ ಒಂದು ತೀರ್ಮಾನದಿಂದ ಇಷ್ಟು ಹೊರೆ ಇಳಿಯಿತು.

ಹಾಗೆಂದು ಎಲ್ಲವನ್ನೂ ಥ್ರೆಡ್‌ಗಳಿಗೆ ಬಿಟ್ಟರೆ ಬೇರೆ ಪೇಚು. ಇಬ್ಬರು ಒಂದೇ ಜಾಗದಲ್ಲಿ ಒಟ್ಟಿಗೆ ಬರೆದರೆ ಉತ್ತರವೇ ಕೆಡುತ್ತದೆ. ಎಲ್ಲರೂ ಮುಗಿಸುವ ತನಕ ಎಲ್ಲರೂ ಕಾಯಬೇಕು. ನೋಡ್‌ನ ಒಳಗೂ ಮೆಮೊರಿ ಹಲವು ಭಾಗಗಳಾಗಿ ಹಂಚಿಹೋಗಿದ್ದು, ಒಂದೊಂದು ಭಾಗ ಕೆಲವು ಕೋರ್‌ಗಳಿಗೆ ಹತ್ತಿರ, ಉಳಿದವುಗಳಿಗೆ ದೂರ. ಇಲ್ಲೊಂದು ಸೊಗಸಾದ ಗುಟ್ಟು ಇದೆ. ಲಿನಕ್ಸ್ ಸಾಮಾನ್ಯವಾಗಿ ಮೆಮೊರಿಯ ಪುಟವನ್ನು ಅದನ್ನು ಮೊದಲು ಮುಟ್ಟಿದ ಕೋರ್‌ನ ಹತ್ತಿರವೇ ಇಡುತ್ತದೆ. ಆರಂಭದಲ್ಲಿ ಎಲ್ಲ ಕೋಶಗಳಿಗೂ ಸೊನ್ನೆ ತುಂಬುವ ಕೆಲಸವನ್ನು ಒಂದೇ ಥ್ರೆಡ್ ಮಾಡಿಬಿಟ್ಟರೆ ಇಡೀ ಘನ ಅದರ ಪಕ್ಕದಲ್ಲೇ ಠಿಕಾಣಿ ಹೂಡುತ್ತದೆ. ಉಳಿದವರು ಪ್ರತಿ ಸಲವೂ ದೂರದಿಂದ ತರಬೇಕು. ಸೊನ್ನೆ ತುಂಬುವುದನ್ನೂ ಮುಂದೆ ಲೆಕ್ಕ ಮಾಡುವ ಥ್ರೆಡ್‌ಗಳಿಗೇ ಹಂಚಿದರೆ ಪ್ರತಿಯೊಬ್ಬರ ಪಾಲು ಅವರವರ ಕೈಯಳತೆಯಲ್ಲಿ! ಒಂದೇ ಒಂದು ಸಾಲಿನ ಬದಲಾವಣೆಗೆ ಪ್ರೋಗ್ರಾಮ್ ಚಿಗರೆಯಂತೆ ಓಡತೊಡಗುತ್ತದೆ.

ಭೂಮಿಯನ್ನು ಹಂಚಿದ ಗೆರೆ

ಈಗ ಸ್ಕ್ರೀಮ್‌ಗೆ ಮರಳೋಣ. ಅದು ಭೂಗೋಳವನ್ನು ಒಂದು ಘನದ ಆರು ಮುಖಗಳನ್ನು ಉಬ್ಬಿಸಿದಂತೆ ಕಾಣುತ್ತದೆ. ಪ್ರತಿ ಮುಖದಲ್ಲೂ ಅಡ್ಡ 1,024, ಉದ್ದ 1,024 ತುಂಡುಗಳು. ಒಟ್ಟು 62,91,456 ತುಂಡು. ಪ್ರತಿ ತುಂಡಿನ ಮೇಲೂ ನೆಲದಿಂದ ಆಕಾಶದವರೆಗೆ 128 ಪದರ. ಇವನ್ನು ಸಾವಿರಾರು ಜಿಪಿಯುಗಳಿಗೆ ಸಮನಾಗಿ ಹಂಚಬೇಕು. ಜೊತೆಗೆ ಒಬ್ಬೊಬ್ಬರ ಪಾಲೂ ಚದುರದೆ ಒತ್ತೊತ್ತಾಗಿ ಇರಬೇಕು, ಇಲ್ಲವಾದರೆ ಅಂಚು ಬೆಳೆದು ಹ್ಯಾಲೋ ಉಬ್ಬುತ್ತದೆ.

ಈ ಹಂಚಿಕೆಗೆ ನೆರವಾದದ್ದು ಯಾವುದು ಗೊತ್ತೇ? 1891ರಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಚಿತ್ರಿಸಿದ ಒಂದು ಗೆರೆ! ಚೌಕವನ್ನು ನಾಲ್ಕಾಗಿ ಸೀಳಿ, ಪ್ರತಿ ಕಾಲುಭಾಗವನ್ನೂ ಮತ್ತೆ ನಾಲ್ಕಾಗಿ ಸೀಳಿ, ಎಲ್ಲವನ್ನೂ ಎಲ್ಲಿಯೂ ಕಡಿಯದೆ ಮುಟ್ಟಿ ಬರುವ ಅಂಕುಡೊಂಕು ಗೆರೆ ಅದು. ವಿದ್ಯುನ್ಮಾನ ಕಂಪ್ಯೂಟರಿನ ಸುಳಿವೂ ಇಲ್ಲದ ಕಾಲದ ಶುದ್ಧ ಗಣಿತದ ಕುತೂಹಲ. ಅದರ ಚಂದವೇನೆಂದರೆ, ಗೆರೆಯುದ್ದಕ್ಕೂ ಹತ್ತಿರವಿರುವ ಬಿಂದುಗಳು ಚೌಕದಲ್ಲೂ ಹತ್ತಿರವೇ ಇರುತ್ತವೆ. ಹಾಗಾಗಿ ತುಂಡುಗಳನ್ನೆಲ್ಲ ಈ ಗೆರೆಗೆ ಪೋಣಿಸಿ, ಗೆರೆಯನ್ನು ಸಮ ಉದ್ದಕ್ಕೆ ಕತ್ತರಿಸಿದರೆ ಮುಗಿಯಿತು. ಪಾಲೂ ಸಮ, ಜಾಗವೂ ಒತ್ತೊತ್ತು. 1,024 ಎಂದರೆ ಎರಡನ್ನು ಹತ್ತು ಸಲ ಗುಣಿಸಿದ್ದು, ಹಿಲ್ಬರ್ಟನ ಗೆರೆ ಹತ್ತು ಸಲ ಮಡಚಿಕೊಂಡು ಅದರಲ್ಲಿ ಕರಾರುವಾಕ್ಕಾಗಿ ಕೂರುತ್ತದೆ!

ಫ್ರಾಂಟಿಯರ್‌ನ 75 ಸಾವಿರ ಚಿಪ್‌ಗಳಿಗೂ ಹಂಚಿದರೆ ಒಂದೊಂದಕ್ಕೆ ಸಿಗುವುದು ಬರೀ 84ರಷ್ಟು ತುಂಡು. ಅಷ್ಟಕ್ಕೇ ಚಿಪ್ ಒಳಗಿನ ಸಾವಿರಾರು ಗಣಕ ಘಟಕಗಳಿಗೆ ಕೆಲಸ ಸಾಕಾದೀತೇ? ಇಲ್ಲಿ ಇನ್ನೊಂದು ಮಜಲು ತೆರೆದುಕೊಳ್ಳುತ್ತದೆ. ಪ್ರತಿ ತುಂಡಿನೊಳಗೆ ನಾಲ್ಕು ಗುಣಿಸು ನಾಲ್ಕು ಬಿಂದುಗಳು, ಪ್ರತಿ ಬಿಂದುವಿನ ಮೇಲೂ 128 ಪದರಗಳು. 84 ತುಂಡುಗಳೊಳಗೆ ಒಂದು ಲಕ್ಷ ಎಪ್ಪತ್ತೆರಡು ಸಾವಿರ ಬಿಂದುಗಳು! ತುಂಡಿಗೊಂದು ಥ್ರೆಡ್ ತಂಡ, ತಂಡದೊಳಗೆ ಬಿಂದುಗಳ ಹಂಚಿಕೆ, ಬಿಂದುವಿನೊಳಗೆ ಪದರಗಳ ಹಂಚಿಕೆ. ಈ ಮಾದರಿಯನ್ನು ‘ಕೊಕ್ಕೋಸ್’ ಎಂಬ ಸಾಫ್ಟ್‌ವೇರ್ ಭಂಡಾರ ಬಳಸಿ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮೊದಲಿನಿಂದ ಹೊಸದಾಗಿ ಬರೆದರು. ಅದಕ್ಕೇ ಒಂದೇ ಪ್ರೋಗ್ರಾಮ್ ಎಎಂಡಿಯ ಜಿಪಿಯು ಮೇಲೂ ಎನ್‌ವಿಡಿಯಾದ ಜಿಪಿಯು ಮೇಲೂ ಓಡುತ್ತದೆ.

ಜಿಪಿಯು ಒಳಗಿನ ಶಿಸ್ತು ಕಟ್ಟುನಿಟ್ಟಿನದು. ಫ್ರಾಂಟಿಯರ್‌ನ ಜಿಪಿಯುಗಳಲ್ಲಿ 64 ಥ್ರೆಡ್‌ಗಳು ಒಂದು ದಂಡಾಗಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತವೆ. ಅರ್ಧ ದಂಡಿನ ಪಾಲಿಗೆ ಮಳೆ ಸುರಿಯುವ ಮೋಡ, ಇನ್ನರ್ಧಕ್ಕೆ ಒಣ ಆಕಾಶ ಬಂದರೆ? ಮಳೆಯ ಲೆಕ್ಕ ನಡೆಯುವಾಗ ಒಣಗಿನವರು ಕೈಕಟ್ಟಿ ನಿಲ್ಲುತ್ತಾರೆ, ಒಣಗಿನ ಲೆಕ್ಕ ನಡೆಯುವಾಗ ಮಳೆಯವರು. ಹಾಗಾಗಿ ಒಂದೇ ಬಗೆಯ ಕೆಲಸ ಇರುವವರನ್ನು ಒಂದೇ ದಂಡಿಗೆ ಸೇರಿಸಬೇಕು. ಆಕಾಶದಲ್ಲಿ ಎಲ್ಲಿ ಮಳೆ ಇದೆ ಎಂಬುದನ್ನು ನೋಡಿಕೊಂಡು ಚಿಪ್‌ನೊಳಗಿನ ಸಾಲುಗಳನ್ನು ಜೋಡಿಸುವುದು, ಎಂಥ ವಿಚಿತ್ರ ನಂಟು!

ಸಂದೇಶಗಳಿಗೆ ಕಾಯುವ ಹೊತ್ತನ್ನೂ ಸುಮ್ಮನೆ ಬಿಡುವುದಿಲ್ಲ. ಮೊದಲು ಅಂಚಿನ ಕೋಶಗಳ ಲೆಕ್ಕ ಮುಗಿಸಿ, ಅವನ್ನು ನೆರೆಯವರತ್ತ ರವಾನಿಸಿ, ಸಂದೇಶ ದಾರಿಯಲ್ಲಿರುವಾಗಲೇ ಒಳಗಿನ ಕೋಶಗಳಿಗೆ ಕೈ ಹಾಕುತ್ತಾರೆ. ಒಳಗಿನದು ಮುಗಿಯುವ ಹೊತ್ತಿಗೆ ನೆರೆಯವರ ಉತ್ತರ ಬಂದು ಕೂತಿರುತ್ತದೆ. ಕಾದದ್ದೇ ಗೊತ್ತಾಗದು!

ಯಂತ್ರಕ್ಕೂ ಮೊದಲು ಬಂದ ಕಲ್ಪನೆ

ಇದೆಲ್ಲ ನಮ್ಮ ಕಾಲದ ಬುದ್ಧಿವಂತಿಕೆ ಎಂದುಕೊಳ್ಳುವ ಹೊತ್ತಿಗೆ ಇತಿಹಾಸ ಬೆಚ್ಚಿಬೀಳಿಸುತ್ತದೆ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದ ಬಳಿ ಗಾಯಾಳುಗಳ ಆಂಬುಲೆನ್ಸ್ ಓಡಿಸುತ್ತಿದ್ದರು. ಅದರ ನಡುವೆಯೇ 1910ರ ಮೇ 20ರ ಹವೆಯನ್ನು ಸಮೀಕರಣಗಳಿಂದ ಕಂಡುಹಿಡಿಯಲು ಕೈಯಿಂದಲೇ ಲೆಕ್ಕ ಮಾಡಿದರು. 1917ರಲ್ಲಿ ಹಸ್ತಪ್ರತಿ ಕಾಳಗದ ಗದ್ದಲದಲ್ಲಿ ಕಳೆದುಹೋಯಿತು, ತಿಂಗಳುಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು! ಉತ್ತರವಂತೂ ಪೂರಾ ತಪ್ಪು. ಆರು ತಾಸಿನಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು ಬಂದಿತ್ತು. ನಿಜಕ್ಕೂ ಅದು ಹೆಚ್ಚೇನೂ ಕದಲಿರಲಿಲ್ಲ. ವಿಧಾನ ಸರಿಯಿತ್ತು, ಶುರುವಿಗೆ ಹಿಡಿದ ಅಂಕಿಗಳಲ್ಲಿ ಸಮತೋಲ ಇರಲಿಲ್ಲ ಎಂಬುದು ಬಹಳ ಕಾಲದ ನಂತರ ಖಚಿತವಾಯಿತು.

1922ರ ತಮ್ಮ ಪುಸ್ತಕದಲ್ಲಿ ಅವರು ಒಂದು ಕಲ್ಪನೆ ಮುಂದಿಟ್ಟರು. ಒಳಗೋಡೆಯ ಮೇಲೆ ಭೂಪಟ ಬರೆದ ದುಂಡನೆಯ ಬೃಹತ್ ರಂಗಮಂದಿರ. ಹವೆಯ ವೇಗಕ್ಕೆ ಸರಿಸಮ ಓಡಲು 64,000 ಮಂದಿ ಲೆಕ್ಕಿಗರು. ಒಬ್ಬೊಬ್ಬರೂ ತಾವು ಕೂತ ಜಾಗದ ಭೂಪಟದ ತುಣುಕಿಗೆ ಒಂದು ಸಮೀಕರಣವನ್ನೋ ಅದರ ಒಂದು ಭಾಗವನ್ನೋ ಬಿಡಿಸುತ್ತಾರೆ. ತಮ್ಮ ಉತ್ತರವನ್ನು ನೆರೆಯವರು ಓದಲೆಂದು ಬೆಳಗುವ ಫಲಕಗಳಲ್ಲಿ ತೋರಿಸುತ್ತಾರೆ. ಇದು ಹ್ಯಾಲೋ! ಪ್ರತಿ ಪ್ರದೇಶಕ್ಕೂ ಒಬ್ಬ ಮೇಲಧಿಕಾರಿ. ಇದು ಮಜಲುಗಳ ಏರ್ಪಾಡು! ನಡುವಿನ ಎತ್ತರದ ಪೀಠದಿಂದ ಮುಖ್ಯಸ್ಥ, ಮುಂದೆ ಓಡಿದವರ ಮೇಲೆ ಗುಲಾಬಿ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು ಹಾಯಿಸುತ್ತಾನೆ. ಇದು ಹೊರೆ ಸಮತೋಲ! ಮೊದಲ ವಿದ್ಯುನ್ಮಾನ ಕಂಪ್ಯೂಟರ್‌ಗೆ ಇನ್ನೂ ಎರಡು ದಶಕ ಬಾಕಿ ಇರುವಾಗ ಇಂದಿನ ಸೂಪರ್‌ಕಂಪ್ಯೂಟರಿನ ಏರ್ಪಾಡನ್ನು ಒಬ್ಬ ಮನುಷ್ಯ ಬರಿಯ ಮನಸ್ಸಿನಿಂದ ಕಂಡಿದ್ದ.

ಹಾಗಿದ್ದೂ ಇದು ಸಾಗುವ ದಾರಿಯೇ ಎಂಬ ಶಂಕೆ ದಶಕಗಳ ಕಾಲ ಉಳಿಯಿತು. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಒಡ್ಡಿದ ತರ್ಕ ಕಠೋರವಾಗಿತ್ತು. ಕೆಲಸದ ನೂರನೇ ಒಂದು ಪಾಲನ್ನು ಹಂಚಲಾಗದೆ ಒಬ್ಬರೇ ಮಾಡಬೇಕಿದ್ದರೆ, ಎಷ್ಟು ಲಕ್ಷ ಪ್ರೊಸೆಸರ್ ಸೇರಿಸಿದರೂ ವೇಗ ನೂರು ಪಟ್ಟು ಮೀರದು. 1985ರಲ್ಲಿ ಕಂಪ್ಯೂಟರ್ ವಿಜ್ಞಾನಿ ಅಲನ್ ಕಾರ್ಪ್ ಇನ್ನೂರು ಪಟ್ಟು ವೇಗ ತೋರಿಸಿದವರಿಗೆ ನೂರು ಡಾಲರ್ ಪಂಥ ಕಟ್ಟಿದರು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಜಾನ್ ಗುಸ್ತಾಫ್‌ಸನ್ ಮತ್ತು ಸಂಗಡಿಗರು 1,024 ಪ್ರೊಸೆಸರ್‌ಗಳ ಯಂತ್ರದ ಮೇಲೆ ಸಾವಿರ ಪಟ್ಟು ಮೀರಿದ ವೇಗ ತೋರಿಸಿಯೇಬಿಟ್ಟರು! ಅವರ ಒಳನೋಟ ಸರಳ. ದೊಡ್ಡ ಯಂತ್ರ ಸಿಕ್ಕವರು ಹಳೆಯ ಲೆಕ್ಕವನ್ನೇ ಬೇಗ ಮುಗಿಸಿ ಮಲಗುವುದಿಲ್ಲ, ಇನ್ನೂ ದೊಡ್ಡ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಹಿಗ್ಗಿದಂತೆ ಒಬ್ಬರೇ ಮಾಡಬೇಕಾದ ಪಾಲು ಕುಗ್ಗುತ್ತದೆ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಇಂಥ ದೊಡ್ಡ ಪ್ರಶ್ನೆಯೊಂದು ನಮ್ಮ ನಾಡಿನ ನೆತ್ತಿಯ ಮೇಲೆಯೇ ಇದೆ. ರಿಚರ್ಡ್‌ಸನ್ ತಮ್ಮ 64,000 ಮಂದಿಯ ಲೆಕ್ಕಕ್ಕೆ ಹಿಡಿದದ್ದು 200 ಕಿಲೋಮೀಟರ್ ಬದಿಯ ಚೌಕಗಳನ್ನು. ಆಗುಂಬೆಗೂ ಚಿತ್ರದುರ್ಗಕ್ಕೂ ನೇರ ದೂರ ಸುಮಾರು 160 ಕಿಲೋಮೀಟರ್. ಎರಡೂ ಅಂಥ ಒಂದೇ ಚೌಕದೊಳಗೆ ಅಡಗಿಬಿಡಬಹುದು! ಜಡಿಮಳೆಗೆ ಹೆಸರಾದ ಆಗುಂಬೆಗೂ ಅದರ ಹತ್ತನೇ ಒಂದರಷ್ಟೂ ಮಳೆ ಕಾಣದ ದುರ್ಗದ ಬಯಲಿಗೂ ಒಂದೇ ಅಂಕಿ ಎಂದರೆ ಅದೆಂಥ ಮುನ್ಸೂಚನೆ? ಮೋಡ ಘಟ್ಟ ಹತ್ತಿ ಸುರಿದು ಆಚೆ ಬರಿದಾಗುವ ಇಡೀ ನಾಟಕ ನಡೆಯುವುದು ಹತ್ತಾರು ಕಿಲೋಮೀಟರುಗಳೊಳಗೆ.

ಸ್ಕ್ರೀಮ್‌ನ ಕಣ್ಣಿಗೆ ಅದೇ ಒಂದು ಚೌಕ ಸುಮಾರು 3,800 ಚೌಕಗಳಾಗಿ ಒಡೆಯುತ್ತದೆ. ಚೌಕದ ಬದಿ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟು. ಲೆಕ್ಕ ಹಳಿ ತಪ್ಪದಿರಲು ಕಾಲದ ಹೆಜ್ಜೆಯೂ ಅರ್ಧಕ್ಕಿಳಿಯಬೇಕು. ಒಟ್ಟು ದುಡಿಮೆ ಎಂಟು ಪಟ್ಟು! ಇದೇ ಲೆಕ್ಕದಲ್ಲಿ 200ರಿಂದ ಮೂರೂಕಾಲು ಕಿಲೋಮೀಟರಿಗೆ ಇಳಿದರೆ ಎರಡು ಲಕ್ಷ ಪಟ್ಟಿಗೂ ಹೆಚ್ಚು ದುಡಿಮೆ. ಘಟ್ಟವನ್ನು ಘಟ್ಟವಾಗಿ ಕಾಣಬೇಕಾದರೆ ಇಷ್ಟು ಬೆಲೆ ತೆರಬೇಕು. ಆ ಬೆಲೆಯನ್ನು ನಮ್ಮ ಕೈಗೆಟುಕಿಸುವುದು ಮಜಲು ಮಜಲಾಗಿ ಹೆಣೆದ ಅಲ್ಗಾರಿದಮ್.

ಈ ಕಥೆಯಲ್ಲಿ ಬೆಂಗಳೂರಿನದೂ ಒಂದು ಅಧ್ಯಾಯವಿದೆ. 1986ರಲ್ಲಿ, ವಿಜ್ಞಾನಿ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ‘ಫ್ಲೋಸಾಲ್ವರ್’ ರೂಪುಗೊಂಡಿತು. ದೇಶದ ಮೊದಲ ಸಮಾನಾಂತರ ಕಂಪ್ಯೂಟರ್ ಎಂದು ಅದನ್ನು ಗುರುತಿಸುತ್ತಾರೆ. ಗಾಳಿಯ ಹರಿವಿನ ಸಮೀಕರಣ ಬಿಡಿಸಲು ಹುಟ್ಟಿದ ಯಂತ್ರ, ಮುಂದೆ ಅದರ ಸಂತತಿ ಮುಂಗಾರಿನ ಲೆಕ್ಕಕ್ಕೂ ಇಳಿಯಿತು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಾಲನೆಗೊಂಡ 3.3 ಪೆಟಾಫ್ಲಾಪ್‌ನ ‘ಪರಮ್ ಪ್ರವೇಗ’ದಲ್ಲಿ ಸಿಪಿಯು ನೋಡ್‌ಗಳೂ ಜಿಪಿಯು ನೋಡ್‌ಗಳೂ ಒಟ್ಟಿಗಿವೆ. ಅದರ ಮೇಲೆ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳ ಮುಂದೆಯೂ ಇರುವುದು ಅದೇ ಪ್ರಶ್ನೆ: ಯಾರಿಗೆ ಯಾವ ಪಾಲು, ಯಾರು ಯಾರಿಗೆ ಹತ್ತಿರ?

ಈ ಪ್ರಶ್ನೆಗೆ ಎಲ್ಲೆಡೆಯೂ ಸಲ್ಲುವ ಸಿದ್ಧ ಸೂತ್ರ ಇಲ್ಲ ಎಂಬುದೇ ನನ್ನನ್ನು ಹೆಚ್ಚು ಹುರಿದುಂಬಿಸುವ ಸಂಗತಿ. ಒಂದೊಂದು ಯಂತ್ರಕ್ಕೂ, ಒಂದೊಂದು ಸಮೀಕರಣಕ್ಕೂ ಉತ್ತರ ಬೇರೆ. ಅದನ್ನು ಹುಡುಕಲು ಟೆನೆಸಿಗೆ ಹೋಗಬೇಕಿಲ್ಲ. ಎಂಪಿಐ, ಓಪನ್‌ಎಂಪಿ ಎರಡೂ ಉಚಿತವಾಗಿ ಸಿಗುತ್ತವೆ. ಎಂಟು ಕೋರ್‌ಗಳ ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಶಾಖ ಹರಡುವ ಸಮೀಕರಣವನ್ನು ಒಂದು ಘನದ ಮೇಲೆ ಬರೆಯಿರಿ. ಎಂಟು ಪ್ರಾಸೆಸ್‌ಗೆ ಒಂದೊಂದು ಥ್ರೆಡ್, ನಾಲ್ಕಕ್ಕೆ ಎರಡೆರಡು, ಎರಡಕ್ಕೆ ನಾಲ್ಕು ನಾಲ್ಕು, ಒಂದಕ್ಕೆ ಎಂಟು, ಹೀಗೆ ನಾಲ್ಕು ಬಗೆಯಲ್ಲಿ ಓಡಿಸಿ ಸಮಯ ಬರೆದಿಡಿ. ಕೋರ್‌ಗಳು ಅವೇ, ಸಮೀಕರಣ ಅದೇ, ಆದರೂ ನಾಲ್ಕು ಸಮಯಗಳೂ ಒಂದೇ ಆಗಿರುವುದು ಅಪರೂಪ! ಏಕೆ ಹೀಗೆ ಎಂದು ಬೆನ್ನು ಹತ್ತಿದವರು ಎಂಟರ ಹಂಚಿಕೆಯಲ್ಲಿ ಕಲಿಯುವ ಪಾಠವೇ ಎಪ್ಪತ್ತೈದು ಸಾವಿರದ ಹಂಚಿಕೆಯಲ್ಲೂ ಮೊದಲ ಪಾಠ.